ಮಂಗಳದಲ್ಲಿ ಊರು ಕಟ್ಟುವ ಮುನ್ನ ಮುಗಿಸಬೇಕಾದ ಕೆಲಸಗಳು

ಪ್ರಶ್ನೆ: ಮನುಷ್ಯರು ಬೇರೆ ಗ್ರಹದಲ್ಲಿ ನೆಲೆಸಲು ಪ್ರಯತ್ನಿಸಬೇಕೇ? ಭೂಮಿಗೆ ದೊಡ್ಡ ಗಂಡಾಂತರ ಬಂದರೆ ಮನುಷ್ಯಕುಲ ಉಳಿಯಲು ಇದೊಂದೇ ದಾರಿ ಎಂದು ಕೆಲವರು ಹೇಳುತ್ತಾರೆ. ದೊಡ್ಡ ರಾಕೆಟ್ ಸಿದ್ಧವಾದರೆ ಉಳಿದದ್ದೆಲ್ಲ ತಾನಾಗಿ ಆಗುತ್ತದೆ ಎನ್ನುವವರೂ ಇದ್ದಾರೆ. ಇದು ಎಷ್ಟು ನಿಜ?

ಉತ್ತರ: ಹೋಗಬೇಕು, ಆದರೆ ಸಂಸಾರ ಹೂಡಲು ಹೋಗುವ ಕಾಲ ಇದಲ್ಲ. ತರಬೇತಿ ಪಡೆದ ಕೆಲವರು ಹೋಗಿ, ಒಂದೂವರೆ ವರ್ಷ ಕೆಲಸ ಮಾಡಿ, ವಾಪಸು ಬರುವಂಥ ಸಂಶೋಧನಾ ನೆಲೆಯನ್ನು ಕಟ್ಟಲು ಪ್ರಯತ್ನಿಸಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಮಕ್ಕಳು ಹುಟ್ಟಿ ಬೆಳೆಯುವ ಕಾಯಂ ವಸಾಹತಿನ ಮಾತು ಬೇರೆ. ಅದಕ್ಕೆ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಕಡಿಮೆ ಗುರುತ್ವದಲ್ಲಿ ಮಗುವಿನ ದೇಹ ಹೇಗೆ ಬೆಳೆಯುತ್ತದೆ? ಭೂಮಿಯ ನೆರವಿಲ್ಲದೆ ಗಾಳಿ, ನೀರು, ಅನ್ನದ ಚಕ್ರ ವರ್ಷಗಟ್ಟಲೆ ತಿರುಗೀತೇ? ಅಲ್ಲಿ ಈಗಾಗಲೇ ಜೀವವಿದೆಯೇ? ಈ ಮೂರಕ್ಕೂ ಇಂದು ಯಾರ ಬಳಿಯೂ ಉತ್ತರವಿಲ್ಲ. ರಾಕೆಟ್ ಎಷ್ಟೇ ದೊಡ್ಡದಾದರೂ ಈ ಪ್ರಶ್ನೆಗಳು ಹಾಗೇ ಉಳಿಯುತ್ತವೆ.

ಯಾವ ಗ್ರಹ ಎಂಬುದನ್ನು ಬೇಗ ಮುಗಿಸಿಬಿಡೋಣ. ಶುಕ್ರನ ನೆಲದಲ್ಲಿ ಸುಮಾರು 465 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದೆ, ಒತ್ತಡ ಭೂಮಿಯ 90 ಪಟ್ಟಿಗೂ ಹೆಚ್ಚು. ಅದೇ ಶುಕ್ರದ 50ರಿಂದ 55 ಕಿಲೋಮೀಟರ್ ಎತ್ತರದಲ್ಲಿ ಒತ್ತಡವೂ ಉಷ್ಣತೆಯೂ ಸಹಿಸಬಹುದಾದ ಮಟ್ಟಕ್ಕೆ ಇಳಿಯುತ್ತವೆ. ಆದರೆ ಅಲ್ಲಿ ಗಂಧಕಾಮ್ಲದ ಮೋಡಗಳ ನಡುವೆ ತೇಲುತ್ತಿರಬೇಕು. ಕಾಲೂರಲು ನೆಲವಿಲ್ಲ, ಲೋಹವಿಲ್ಲ, ನೀರು ಅತ್ಯಲ್ಪ. ಬುಧ ಹಾಗೂ ಅನಿಲ ದೈತ್ಯ ಗ್ರಹಗಳು ಲೆಕ್ಕಕ್ಕೇ ಬರುವುದಿಲ್ಲ. ಉಳಿದದ್ದು ಮಂಗಳ. ಅಲ್ಲಿನ ದಿನ 24 ಗಂಟೆ 39 ನಿಮಿಷದ್ದು, ನೆಲದಡಿ ಹಿಮವಿದೆ, ಗಾಳಿಯಲ್ಲಿ ಶೇ. 95ರಷ್ಟು ಇಂಗಾಲದ ಡೈಆಕ್ಸೈಡ್ ಇದೆ. ಅನುಕೂಲಗಳ ಪಟ್ಟಿ ಇಷ್ಟಕ್ಕೇ ಮುಗಿಯುತ್ತದೆ. ವಾಯು ಒತ್ತಡ ಸುಮಾರು 6 ಮಿಲಿಬಾರ್, ಅಂದರೆ ಭೂಮಿಯ ಶೇ. 1ಕ್ಕಿಂತ ಕಡಿಮೆ. ಸರಾಸರಿ ಉಷ್ಣತೆ ಮೈನಸ್ 60 ಡಿಗ್ರಿಯ ಆಸುಪಾಸು. ಬಿಸಿಲು ನಮಗೆ ಸಿಗುವುದರ ಅರ್ಧಕ್ಕಿಂತ ಕಡಿಮೆ, ಗುರುತ್ವ ಶೇ. 38.

ಮನೆ ಕಟ್ಟುವ ವಿಷಯದಲ್ಲಿ ಬಹಳ ಜನ ಎಡವುವುದು ಒತ್ತಡದ ಲೆಕ್ಕದಲ್ಲಿ. ಮಂಗಳದ ಮಣ್ಣಿನಿಂದ ಇಟ್ಟಿಗೆ ಮಾಡಿ ಗುಮ್ಮಟ ಕಟ್ಟುವ ಚಿತ್ರಗಳನ್ನು ನೀವೂ ನೋಡಿರಬಹುದು. ಲೆಕ್ಕ ಹಾಕಿ ನೋಡಿ: ಒಳಗೆ ಭೂಮಿಯ ಅರ್ಧದಷ್ಟು ಒತ್ತಡ ಇಟ್ಟರೂ ಗೋಡೆಯ ಪ್ರತಿ ಚದರ ಮೀಟರನ್ನು ಸುಮಾರು 5 ಟನ್ ಭಾರದಷ್ಟು ಬಲ ಹೊರಕ್ಕೆ ನೂಕುತ್ತದೆ. ವಿಕಿರಣದಿಂದ ಕಾಪಾಡಲು ಮೇಲೆ 2 ಮೀಟರ್ ಮಣ್ಣು ಹೊದಿಸಿದರೆ, ಒಂದು ಘನ ಮೀಟರಿಗೆ ಒಂದೂವರೆ ಟನ್ನಿನಂತೆ 3 ಟನ್ ಮಣ್ಣಾಗುತ್ತದೆ. ಆದರೆ ಅಲ್ಲಿನ ಗುರುತ್ವದಲ್ಲಿ ಅದರ ಭಾರ ಕೇವಲ 1.1 ಟನ್. ಒಳಗಿನ ನೂಕನ್ನು ಮಣ್ಣಿನ ಭಾರದಿಂದಲೇ ಸರಿದೂಗಿಸಲು ಸುಮಾರು 9 ಮೀಟರ್ ದಪ್ಪ ಬೇಕು. ಇಟ್ಟಿಗೆಯಾಗಲಿ ಕಾಂಕ್ರೀಟಾಗಲಿ ಅದುಮುವ ಬಲವನ್ನು ತಡೆಯುತ್ತದೆ, ಎಳೆಯುವ ಬಲಕ್ಕೆ ಬಿರುಕು ಬಿಡುತ್ತದೆ. ಹೀಗಾಗಿ ಮಂಗಳದ ಮನೆ ಪ್ರೆಷರ್ ಕುಕ್ಕರಿನ ಜಾತಿಗೆ ಸೇರಿದ್ದು: ಒಳಗೆ ಎಳೆತ ತಡೆಯುವ ಲೋಹದ ಅಥವಾ ಬಲವಾದ ನೇಯ್ಗೆಯ ಚಿಪ್ಪು, ಅದರ ಮೇಲೆ ಮಣ್ಣಿನ ಹೊದಿಕೆ. ಕನಿಷ್ಠ ಮೊದಲ ದಶಕಗಳಲ್ಲಿ ಆ ಚಿಪ್ಪು ಭೂಮಿಯಿಂದಲೇ ಹೋಗಬೇಕು.

ಚಿಪ್ಪು ಕೈಕೊಡುವುದು ನಡುವೆಯಲ್ಲ, ಸಂದುಗಳಲ್ಲಿ: ಬಾಗಿಲಿನ ಸುತ್ತ, ಕಿಟಕಿಯ ಅಂಚು, ಪೈಪು ಮತ್ತು ತಂತಿಗಳು ಗೋಡೆ ದಾಟುವ ಜಾಗ. ಹಗಲಿಗೂ ರಾತ್ರಿಗೂ ಹಲವು ಹತ್ತು ಡಿಗ್ರಿಗಳ ವ್ಯತ್ಯಾಸವಿರುವುದರಿಂದ ಲೋಹ ಮತ್ತು ರಬ್ಬರು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ. ಕೊರೆಯುವ ಚಳಿಗೆ ಸಾಮಾನ್ಯ ರಬ್ಬರ್ ಗ್ಯಾಸ್ಕೆಟ್ ಗಾಜಿನಂತೆ ಗಡುಸಾಗುತ್ತದೆ. ಇದಕ್ಕೆ ನಯವಾದ ಧೂಳು ಬೇರೆ ಸೇರಿಕೊಳ್ಳುತ್ತದೆ. ಚಂದ್ರನ ಮೇಲೆ ಅಪೊಲೊ ಯಾತ್ರಿಗಳ ಉಡುಪಿನ ಸೀಲುಗಳು ಮೂರು ದಿನದ ಕೆಲಸದೊಳಗೇ ಧೂಳಿನಿಂದ ಸವೆಯತೊಡಗಿದ್ದವು. ಮಂಗಳದಲ್ಲಿ ಅವು 500 ದಿನ ಬಾಳಬೇಕು.

ಆ ಧೂಳಿನಲ್ಲಿ ವಿಷವೂ ಇದೆ. 2008ರಲ್ಲಿ ಫೀನಿಕ್ಸ್ ಲ್ಯಾಂಡರ್ ಅಲ್ಲಿನ ಮಣ್ಣಿನಲ್ಲಿ ಸುಮಾರು ಶೇ. 0.5ರಷ್ಟು ಪರ್‌ಕ್ಲೋರೇಟ್ ಲವಣಗಳನ್ನು ಕಂಡುಹಿಡಿಯಿತು. ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳುವುದಕ್ಕೆ ಇದು ಅಡ್ಡಿಪಡಿಸುತ್ತದೆ. ಆದ್ದರಿಂದ ಹೊರಗೆ ತೊಟ್ಟ ಉಡುಪು ಒಳಗೆ ಬರಲೇಬಾರದು. ಉಡುಪಿನ ಬೆನ್ನು ಗೋಡೆಗೆ ಅಂಟಿಕೊಂಡು ಹೊರಗೇ ನೇತಾಡುವ, ಒಳಗಿನಿಂದ ನೇರವಾಗಿ ಅದರೊಳಕ್ಕೆ ತೂರಿಕೊಳ್ಳುವ ವಿನ್ಯಾಸ ಇದಕ್ಕೆ ಒಳ್ಳೆಯ ಪರಿಹಾರ. ಬೇಸಾಯಕ್ಕೆ ಆ ಮಣ್ಣನ್ನು ಬಳಸುವುದಾದರೆ ಮೊದಲು ತೊಳೆಯಬೇಕು. ಪರ್‌ಕ್ಲೋರೇಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಅದು ಅನುಕೂಲ. ತೊಳೆದ ನೀರನ್ನು ಮತ್ತೆ ಶುದ್ಧಗೊಳಿಸುವುದು ಇನ್ನೊಂದು ಕೆಲಸ; ಅದನ್ನು ಒಡೆದು ಕ್ಲೋರೈಡ್ ಮಾಡುವ ಬ್ಯಾಕ್ಟೀರಿಯಾಗಳು ಭೂಮಿಯಲ್ಲಿವೆ.

ಉಸಿರಾಟಕ್ಕೆ ಬರೋಣ. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು, ಗಂಟೆಗೆ 35 ಗ್ರಾಂ. ಪರ್ಸೆವೆರೆನ್ಸ್ ರೋವರಿನಲ್ಲಿದ್ದ ಮಾಕ್ಸಿ ಎಂಬ ಪುಟ್ಟ ಉಪಕರಣ 2021ರಿಂದ 2023ರವರೆಗೆ 16 ಬಾರಿ ಓಡಿ, ಮಂಗಳದ ಗಾಳಿಯಿಂದ ಒಟ್ಟು 122 ಗ್ರಾಂ ಆಮ್ಲಜನಕ ತೆಗೆಯಿತು. ಅತಿ ಹೆಚ್ಚೆಂದರೆ ಗಂಟೆಗೆ 12 ಗ್ರಾಂ. ಧೂಳು ಸೋಸಿದ ಗಾಳಿಯನ್ನು ಒತ್ತಿ, 800 ಡಿಗ್ರಿಗೆ ಕಾಯಿಸಿದ ಸೆರಾಮಿಕ್ ಕೋಶಕ್ಕೆ ಬಿಟ್ಟು, ವಿದ್ಯುತ್ ಹರಿಸಿ ಇಂಗಾಲದ ಡೈಆಕ್ಸೈಡನ್ನು ಒಡೆಯುವ ವಿಧಾನ ಅದು. ಇದು ನಿಜಕ್ಕೂ ದೊಡ್ಡ ಸಾಧನೆ, ಬೇರೆ ಗ್ರಹದಲ್ಲಿ ಮನುಷ್ಯರು ಆಮ್ಲಜನಕ ತಯಾರಿಸಿದ್ದು ಅದೇ ಮೊದಲು. ಆದರೆ ವಾಪಸು ಬರುವ ರಾಕೆಟ್ಟಿನ ಇಂಧನ ಉರಿಸಲು 25ರಿಂದ 30 ಟನ್ ಆಮ್ಲಜನಕ ಬೇಕು. ಗಂಟೆಗೆ 3 ಕಿಲೋದಂತೆ, ಒಂದು ಕ್ಷಣವೂ ನಿಲ್ಲದೆ 400 ದಿನ ಓಡಿದರೆ 28.8 ಟನ್ ಆಗುತ್ತದೆ. ಅಂದರೆ ಮಾಕ್ಸಿಯ ಅತ್ಯುತ್ತಮ ವೇಗದ 250 ಪಟ್ಟು. ಇಷ್ಟು ದೊಡ್ಡ ಘಟಕದಲ್ಲಿ ಏನು ಕೆಡುತ್ತದೆ ಎಂಬುದು ಗೊತ್ತಿರುವಂಥದ್ದೇ: ಸೋಸುಕಗಳು ಧೂಳಿನಿಂದ ಕಟ್ಟಿಕೊಳ್ಳುತ್ತವೆ, ಪದೇ ಪದೇ ಕಾಯಿಸಿ ಆರಿಸಿದರೆ ಸೆರಾಮಿಕ್ ಸೀಳುತ್ತದೆ, ವೋಲ್ಟೇಜ್ ಹೆಚ್ಚಾದರೆ ಕಾರ್ಬನ್ ಮಾನಾಕ್ಸೈಡ್ ಕೂಡ ಒಡೆದು, ಮಸಿ ಕೂತು, ಕೋಶ ಸಾಯುತ್ತದೆ.

ಶುದ್ಧ ಆಮ್ಲಜನಕವನ್ನೇ ಮನೆ ತುಂಬ ತುಂಬಿಸಲೂ ಆಗದು. 1967ರ ಜನವರಿಯಲ್ಲಿ ಅಪೊಲೊ 1ರ ನೆಲಮಟ್ಟದ ಪರೀಕ್ಷೆಯಲ್ಲಿ ಶುದ್ಧ ಆಮ್ಲಜನಕ ತುಂಬಿದ್ದ ಕೋಣೆಗೆ ಬೆಂಕಿ ಹತ್ತಿ ಮೂವರು ಗಗನಯಾತ್ರಿಗಳು ತೀರಿಕೊಂಡರು. ಆಮ್ಲಜನಕವನ್ನು ತೆಳುಗೊಳಿಸಲು ಸಾರಜನಕ, ಆರ್ಗಾನ್ ಬೇಕು. ಎರಡೂ ಮಂಗಳದ ಗಾಳಿಯಲ್ಲಿ ಶೇ. 2ರಿಂದ 3ರಷ್ಟು ಮಾತ್ರ ಇವೆ. ಪ್ರತಿ ಸೋರಿಕೆಯಲ್ಲೂ ಹೊರಹೋಗುವ ಇವನ್ನು ಬೇರ್ಪಡಿಸಿ ತುಂಬಿಸುವ ಘಟಕವೂ ಇರಬೇಕು. ಯೋಜನೆಗಳ ಕರಡಿನಲ್ಲಿ ಅನೇಕ ಸಲ ಬಿಟ್ಟುಹೋಗುವುದು ಇದೇ.

ನೀರಿನ ವಿಷಯದಲ್ಲಿ ನನಗೆ ಅಷ್ಟು ಆತಂಕವಿಲ್ಲ. ಮಧ್ಯ ಅಕ್ಷಾಂಶಗಳಲ್ಲಿ ನೆಲದಡಿ ದಪ್ಪ ಹಿಮ ಇದೆ. ನಮ್ಮ ಭೂಮಿಯ ದಕ್ಷಿಣ ಧ್ರುವದ ಅಮುಂಡ್ಸೆನ್-ಸ್ಕಾಟ್ ನಿಲ್ದಾಣದಲ್ಲಿ ಹಿಮದೊಳಗೆ ಬಿಸಿನೀರು ಬಿಟ್ಟು, ಅಲ್ಲೇ ಕರಗಿದ ನೀರನ್ನು ಪಂಪಿನಿಂದ ಎತ್ತುವ ಬಾವಿಗಳಿವೆ. ಅದೇ ತಂತ್ರ ಮಂಗಳದಲ್ಲೂ ನಡೆಯಬಹುದು.

ನಡೆಯಲು ವಿದ್ಯುತ್ ಬೇಕಷ್ಟೆ. ಸೌರಫಲಕಗಳನ್ನೇ ನಂಬಿ ಜನರನ್ನು ಕಳಿಸಬಾರದು. 2018ರ ಜೂನಿನಲ್ಲಿ ಗ್ರಹವನ್ನೇ ಆವರಿಸಿದ ಧೂಳಿನ ಬಿರುಗಾಳಿಗೆ ಆಪರ್ಚುನಿಟಿ ರೋವರ್ ಶಾಶ್ವತವಾಗಿ ಮೌನವಾಯಿತು. 2022ರ ಕೊನೆಯಲ್ಲಿ ಇನ್‌ಸೈಟ್ ಲ್ಯಾಂಡರ್ ಫಲಕಗಳ ಮೇಲೆ ಧೂಳು ಕೂತು ನಿಂತುಹೋಯಿತು. ಪರಮಾಣು ರಿಯಾಕ್ಟರ್ ಅನಿವಾರ್ಯ, ಅದೂ ಒಂದಲ್ಲ, ಒಂದು ಕೆಟ್ಟರೂ ಉಸಿರಾಟ ನಿಲ್ಲದಷ್ಟು. 2018ರಲ್ಲಿ ಅಮೆರಿಕದ ನೆವಾಡದಲ್ಲಿ ನಾಸಾ ಇಂಥ ಪುಟ್ಟ ರಿಯಾಕ್ಟರನ್ನು ಯಶಸ್ವಿಯಾಗಿ ಪರೀಕ್ಷಿಸಿತು, ಆ ವಿನ್ಯಾಸದ ಗುರಿ 1ರಿಂದ 10 ಕಿಲೋವಾಟ್. ಆಮ್ಲಜನಕ ಘಟಕಕ್ಕೊಂದೇ 25ರಿಂದ 30 ಕಿಲೋವಾಟ್ ಬೇಕು. ಊಟದ ಲೆಕ್ಕ ಇನ್ನೂ ಭಾರಿ: ಒಬ್ಬರ ಪೂರ್ತಿ ಆಹಾರವನ್ನು ದೀಪದ ಬೆಳಕಿನಲ್ಲಿ ಬೆಳೆಯಲು 40ರಿಂದ 50 ಚದರ ಮೀಟರ್ ಬೆಳೆ ಬೇಕು. ದಿನಕ್ಕೆ 16 ಗಂಟೆ ಬೆಳಕು, ಚದರ ಮೀಟರಿಗೆ ಸುಮಾರು 170 ವಾಟ್ ಎಂದಿಟ್ಟುಕೊಂಡರೆ, ಒಬ್ಬ ಮನುಷ್ಯನ ಊಟಕ್ಕೆ ದಿನಕ್ಕೆ 100 ಯೂನಿಟ್ಟಿಗೂ ಹೆಚ್ಚು ವಿದ್ಯುತ್. ಆ ದೀಪಗಳ ಶಾಖವನ್ನು ಹೊರಹಾಕುವ ವ್ಯವಸ್ಥೆಯ ಖರ್ಚು ಇದರ ಮೇಲೆ.

ಇನ್ನು ಗಾಳಿ, ನೀರು, ಅನ್ನದ ಚಕ್ರದ ಪ್ರಶ್ನೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2000ದ ನವೆಂಬರಿನಿಂದ ಜನ ನಿರಂತರವಾಗಿ ಇದ್ದಾರೆ. ಅಲ್ಲಿ ಬೆವರು, ಮೂತ್ರ, ಉಸಿರಿನ ತೇವ ಎಲ್ಲವನ್ನೂ ಸಂಸ್ಕರಿಸಿ ಶೇ. 98ರಷ್ಟು ನೀರನ್ನು ಮರಳಿ ಪಡೆಯುವ ಮಟ್ಟ ಮುಟ್ಟಿದ್ದು 2023ರಲ್ಲಿ. ಅಷ್ಟರಲ್ಲಿ ಆದ ಒಂದು ಪ್ರಸಂಗ ಈ ವಿಷಯದಲ್ಲಿ ಆಸಕ್ತಿಯಿರುವ ಎಲ್ಲರಿಗೂ ಗೊತ್ತಿರಬೇಕು. ಮೂತ್ರ ಬಟ್ಟಿ ಇಳಿಸುವ ಯಂತ್ರ 2009ರಲ್ಲಿ ಕಟ್ಟಿಕೊಂಡು ನಿಂತಿತು. ತೂಕರಹಿತ ಸ್ಥಿತಿಯಲ್ಲಿ ಮೂಳೆ ಕರಗುವುದರಿಂದ ಯಾತ್ರಿಗಳ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು. ಮೂತ್ರ ಕೆಡದಿರಲು ಸೇರಿಸುತ್ತಿದ್ದ ಗಂಧಕಾಮ್ಲದ ಜೊತೆ ಅದು ಸೇರಿ ಕ್ಯಾಲ್ಸಿಯಂ ಸಲ್ಫೇಟ್ ಹರಳುಗಟ್ಟಿತು. ನೀರಿನ ಇಳುವರಿಯನ್ನು ತಗ್ಗಿಸಿಕೊಂಡು ಓಡಿಸಬೇಕಾಯಿತು. ಮುಂದೆ ಗಂಧಕಾಮ್ಲದ ಬದಲು ಫಾಸ್ಫಾರಿಕ್ ಆಮ್ಲ ಬಳಸಿದ ಮೇಲೆ ಸರಿಹೋಯಿತು. ಭೂಮಿಯಲ್ಲಿ ನಡೆಸಿದ ಯಾವ ಪರೀಕ್ಷೆಯಲ್ಲೂ ಇದು ಕಾಣದಿರಲು ಕಾರಣ, ಭೂಮಿಯ ಮೇಲಿರುವವರ ಮೂಳೆ ಹಾಗೆ ಕರಗುವುದಿಲ್ಲ. ಮಂಗಳದಲ್ಲಿ ಇಂಥದ್ದು ಎಷ್ಟು ಕಾದಿವೆಯೋ. ನಿಲ್ದಾಣಕ್ಕೆ ಬಿಡಿಭಾಗ ಹೊತ್ತ ನೌಕೆ ವರ್ಷಕ್ಕೆ ಹಲವು ಬಾರಿ ಹೋಗುತ್ತದೆ. ಮಂಗಳಕ್ಕೆ ಹೊರಡುವ ಅನುಕೂಲದ ಗಳಿಗೆ ಬರುವುದು 26 ತಿಂಗಳಿಗೊಮ್ಮೆ, ಪ್ರಯಾಣ ಇನ್ನೂ 6ರಿಂದ 9 ತಿಂಗಳು.

ಆಹಾರವನ್ನೂ ಸೇರಿಸಿ ಚಕ್ರ ಮುಚ್ಚಲು ಹೊರಟ ದೊಡ್ಡ ಪ್ರಯೋಗ ಅಮೆರಿಕದ ಆರಿಜೋನಾದ ಬಯೋಸ್ಫಿಯರ್ 2. ಸುಮಾರು 1.27 ಹೆಕ್ಟೇರ್ ಗಾಜಿನ ಮನೆಯೊಳಗೆ 1991ರ ಸೆಪ್ಟೆಂಬರಿನಿಂದ 1993ರ ಸೆಪ್ಟೆಂಬರಿನವರೆಗೆ ಎಂಟು ಮಂದಿ ಇದ್ದರು. ಒಳಗಿನ ಆಮ್ಲಜನಕ ಶೇ. 20.9ರಿಂದ ಹದಿನಾಲ್ಕು ಚಿಲ್ಲರೆಗೆ ಇಳಿಯಿತು, ಕೊನೆಗೆ ಹೊರಗಿನಿಂದ ತುಂಬಬೇಕಾಯಿತು. ಬೆಳೆ ಚೆನ್ನಾಗಿ ಬರಲೆಂದು ಗೊಬ್ಬರದಂಶ ಹೆಚ್ಚಿದ್ದ ಮಣ್ಣು ಹಾಕಿದ್ದರು. ಅದರೊಳಗಿನ ಸೂಕ್ಷ್ಮಜೀವಿಗಳು ಗಿಡಗಳು ಕೊಡುವುದಕ್ಕಿಂತ ವೇಗವಾಗಿ ಆಮ್ಲಜನಕ ಉಂಡವು. ಹಾಗಿದ್ದರೆ ಇಂಗಾಲದ ಡೈಆಕ್ಸೈಡ್ ಅಷ್ಟೇ ಏರಬೇಕಿತ್ತು, ಏರಲಿಲ್ಲ. ಹಸಿ ಕಾಂಕ್ರೀಟು ಅದನ್ನು ಹೀರಿ ಸುಣ್ಣದ ಕಾರ್ಬೊನೇಟ್ ಆಗಿ ಕಟ್ಟಿಹಾಕಿತ್ತು. ಆಮ್ಲಜನಕ ಹಾಗೆ ಗೋಡೆಯಲ್ಲಿ ಸಿಕ್ಕಿಬಿದ್ದಿತ್ತು. ಈ ಪ್ರಯೋಗವನ್ನು ಸೋಲು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಇಷ್ಟು ಬೆಲೆಬಾಳುವ ಪಾಠ ಬೇರೆಲ್ಲೂ ಸಿಕ್ಕಿಲ್ಲ. ಬೇಸರವೆಂದರೆ, ಅಷ್ಟು ದೊಡ್ಡ ಪ್ರಮಾಣದಲ್ಲಿ, ಅಷ್ಟು ದೀರ್ಘ ಕಾಲ, ಮಣ್ಣು ಮತ್ತು ಬೆಳೆಯ ಸಮೇತ ಅದನ್ನು ಮತ್ತೆ ಮಾಡಿ ಗೆದ್ದವರಿಲ್ಲ. 2017-18ರಲ್ಲಿ ಬೀಜಿಂಗಿನ ಲೂನಾರ್ ಪ್ಯಾಲೇಸ್ ಪ್ರಯೋಗ 370 ದಿನ ನಡೆದದ್ದು ಆ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ.

ದೇಹದ ವಿಷಯಕ್ಕೆ ಬಂದರೆ ವಿಕಿರಣದ ಅಂಕಿಗಳು ನಮ್ಮ ಕೈಯಲ್ಲಿವೆ. ಕ್ಯೂರಿಯಾಸಿಟಿ ನೌಕೆ ಪ್ರಯಾಣದ ದಾರಿಯಲ್ಲಿ ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ), ನೆಲದ ಮೇಲೆ ಸುಮಾರು 0.65 ಅಳೆದಿದೆ. ಹೋಗಿಬರಲು 360 ದಿನ, ಅಲ್ಲಿ 500 ದಿನ ಎಂದರೆ ಒಟ್ಟು ಒಂದು ಸಾವಿರ ಮಿಲಿಸೀವರ್ಟಿನ ಹತ್ತಿರ. ನಾಸಾ ಒಬ್ಬ ಯಾತ್ರಿಗೆ ಇಡೀ ವೃತ್ತಿಜೀವನದಲ್ಲಿ ಇಟ್ಟಿರುವ ಮಿತಿ 600. ತೆಳ್ಳಗಿನ ಅಲ್ಯೂಮಿನಿಯಂ ಗೋಡೆ ಇದಕ್ಕೆ ರಕ್ಷಣೆಯಲ್ಲ. ವಿಶ್ವಕಿರಣಗಳು ಅದಕ್ಕೆ ಬಡಿದು ನ್ಯೂಟ್ರಾನ್ ಮೊದಲಾದ ಮರಿಕಣಗಳನ್ನು ಎಬ್ಬಿಸುತ್ತವೆ. ಜಲಜನಕ ತುಂಬಿದ ನೀರು, ಪಾಲಿಥಿನ್ ವಾಸಿ. ನೆಲಕ್ಕಿಳಿದ ಮೇಲೆ ಎರಡು ಮೂರು ಮೀಟರ್ ಮಣ್ಣಿನಡಿ ವಾಸಿಸಿದರೆ ಸಮಸ್ಯೆ ಬಹುಪಾಲು ಬಗೆಹರಿಯುತ್ತದೆ. ಬೆಲೆ ಎಂದರೆ ಜೀವನದ ಹೆಚ್ಚಿನ ಭಾಗ ನೆಲದಡಿ ಕಳೆಯುವುದು.

ಗುರುತ್ವಕ್ಕೆ ಅಂಥ ಹೊದಿಕೆ ಇಲ್ಲ. ತೂಕರಹಿತ ಸ್ಥಿತಿಯಲ್ಲಿ, ತಡೆಯುವ ಕ್ರಮವಿಲ್ಲದಿದ್ದರೆ, ಸೊಂಟ ಮತ್ತು ತೊಡೆಯ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯುತ್ತದೆ. ದಿನಕ್ಕೆ ಎರಡು ಗಂಟೆ ವ್ಯಾಯಾಮದಿಂದ ಅದನ್ನು ಬಹುಮಟ್ಟಿಗೆ ತಡೆಯಬಹುದು. ಆದರೆ ಸೊನ್ನೆಗೂ ಭೂಮಿಯ ಮಟ್ಟಕ್ಕೂ ನಡುವಿನ ಗುರುತ್ವದಲ್ಲಿ ಮನುಷ್ಯರು ಕಳೆದ ಅತಿ ದೀರ್ಘ ಅವಧಿ ಅಪೊಲೊ 17ರ ಮೂರು ದಿನ ಮಾತ್ರ. ಗರ್ಭಧಾರಣೆಯಿಂದ ಹೆರಿಗೆಯವರೆಗೆ ಭೂಮಿಯ ಹೊರಗೆ ಒಂದೇ ಒಂದು ಸಸ್ತನಿಯೂ ಪೂರ್ತಿ ಸಾಗಿಲ್ಲ. ಶೇ. 38 ಗುರುತ್ವದಲ್ಲಿ ಬೆನ್ನುಮೂಳೆ ಹೇಗೆ ರೂಪುಗೊಳ್ಳುತ್ತದೆ, ಒಳಕಿವಿಯ ಸಮತೋಲನ ಹೇಗೆ ಕಲಿಯುತ್ತದೆ, ಹೆರಿಗೆ ಹೇಗಾಗುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ವಯಸ್ಕರು ತಿಳಿದು, ಒಪ್ಪಿ ಅಪಾಯಕ್ಕೆ ಇಳಿಯಬಹುದು. ಅಲ್ಲಿ ಹುಟ್ಟುವ ಮಗುವನ್ನು ಯಾರೂ ಕೇಳಿರುವುದಿಲ್ಲ, ಮತ್ತು ಅದರ ಮೂಳೆ, ಹೃದಯ ಭೂಮಿಯ ಭಾರ ತಡೆಯದಂತೆ ಬೆಳೆದುಬಿಟ್ಟರೆ ಅದು ಯಾವತ್ತೂ ಇಲ್ಲಿಗೆ ಬರಲಾರದು. ನಾನು ಕಾಯಂ ವಸಾಹತಿಗೆ ಈಗ ಬೇಡ ಎನ್ನುವುದಕ್ಕೆ ಉಳಿದೆಲ್ಲ ಕಾರಣಗಳಿಗಿಂತ ದೊಡ್ಡ ಕಾರಣ ಇದು.

ಮನುಷ್ಯಕುಲ ಉಳಿಯಲು ಇದೊಂದೇ ದಾರಿ ಎಂಬ ವಾದವನ್ನು ಪರೀಕ್ಷಿಸಿ. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಕಾಲ ಮುಗಿಸಿದ ಕ್ಷುದ್ರಗ್ರಹ ಅಪ್ಪಳಿಸಿದ ಮರುದಿನವೂ ಭೂಮಿಯಲ್ಲಿ ಉಸಿರಾಡುವ ಗಾಳಿಯಿತ್ತು, ಸಮುದ್ರವಿತ್ತು. ಸಣ್ಣ ಸಸ್ತನಿಗಳು ಬದುಕುಳಿದವು. ಆ ದಿನದ ಭೂಮಿ ಇಂದಿನ ಮಂಗಳಕ್ಕಿಂತ ವಾಸಕ್ಕೆ ಯೋಗ್ಯ. ಕ್ಷುದ್ರಗ್ರಹವೇ ಭಯವಾದರೆ ಅದನ್ನು ದಾರಿ ತಪ್ಪಿಸುವುದು ಸುಲಭ: 2022ರ ಸೆಪ್ಟೆಂಬರಿನಲ್ಲಿ ಡಾರ್ಟ್ ನೌಕೆ ದೊಡ್ಡ ಕ್ಷುದ್ರಗ್ರಹವೊಂದನ್ನು ಸುತ್ತುವ ಡಿಮಾರ್ಫಸ್ ಎಂಬ ಪುಟ್ಟ ಕಾಯಕ್ಕೆ ಡಿಕ್ಕಿ ಹೊಡೆದು ಅದರ ಪರಿಭ್ರಮಣದ ಅವಧಿಯನ್ನು ಅರ್ಧ ಗಂಟೆಗಿಂತಲೂ ಹೆಚ್ಚು ತಗ್ಗಿಸಿತು. ಇನ್ನೊಂದು ತೊಡಕೂ ಇದೆ. ಭೂಮಿ ನಿಂತರೆ ನಿಲ್ಲುವ ವಸಾಹತು ಯಾರನ್ನೂ ಉಳಿಸದು. ಕಂಪ್ಯೂಟರ್ ಚಿಪ್, ಬೇರಿಂಗ್, ಗ್ಯಾಸ್ಕೆಟ್, ಔಷಧ, ಇವುಗಳನ್ನು ಮಾಡುವ ಯಂತ್ರಗಳು, ಆ ಯಂತ್ರಗಳನ್ನು ಮಾಡುವ ಯಂತ್ರಗಳು ಎಲ್ಲವೂ ಅಲ್ಲೇ ಆಗಬೇಕು. ಬಾಹ್ಯಾಕಾಶ ನಿಲ್ದಾಣದ ಔಷಧ ಪೆಟ್ಟಿಗೆಯಲ್ಲಿರುವ ಅರ್ಧಕ್ಕಿಂತ ಹೆಚ್ಚು ಔಷಧಗಳ ಅವಧಿ ಮೂರು ವರ್ಷದೊಳಗೆ ಮುಗಿಯುತ್ತದೆ. ಮಂಗಳವನ್ನೇ ಬದಲಿಸಿ ಬಯಲಲ್ಲಿ ಉಸಿರಾಡುವಂತೆ ಮಾಡುವ ಕನಸಿಗೂ ಆಧಾರ ತೆಳು. ಅಲ್ಲಿ ಕೈಗೆಟಕುವ ಇಂಗಾಲದ ಡೈಆಕ್ಸೈಡನ್ನೆಲ್ಲ ಬಿಡುಗಡೆ ಮಾಡಿದರೂ ಒತ್ತಡ ಏರುವುದು ಸುಮಾರು 20 ಮಿಲಿಬಾರಿಗೆ ಎಂದು 2018ರ ಲೆಕ್ಕಾಚಾರವೊಂದು ತೋರಿಸಿತು.

ಹಾಗಾದರೆ ಹೋಗುವುದೇಕೆ? ಅಲ್ಲಿ ಜೀವವಿತ್ತೇ, ಈಗಲೂ ಇದೆಯೇ ಎಂದು ತಿಳಿಯಲು. ಒಬ್ಬ ನುರಿತ ಭೂವಿಜ್ಞಾನಿ ಒಂದು ವಾರದಲ್ಲಿ ನೋಡುವುದನ್ನು ರೋವರ್ ನೋಡಲು ವರ್ಷಗಳು ಬೇಕು. ಆದರೆ ಇದೇ ಕಾರಣಕ್ಕೆ ಅವಸರ ಸಲ್ಲದು. 1976ರ ವೈಕಿಂಗ್ ಲ್ಯಾಂಡರುಗಳನ್ನು ಒಲೆಯಲ್ಲಿಟ್ಟು 110 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಿ ಸೂಕ್ಷ್ಮಾಣುಮುಕ್ತ ಮಾಡಿದ್ದರು. ಮನುಷ್ಯನನ್ನು ಹಾಗೆ ಮಾಡಲಾಗದು, ಒಬ್ಬೊಬ್ಬರ ಮೈಯಲ್ಲೂ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, ಮತ್ತು ಪ್ರತಿ ಮನೆಯೂ ಸ್ವಲ್ಪವಾದರೂ ಸೋರುತ್ತದೆ. ಜೆಜೆರೊ ಕುಳಿಯಲ್ಲಿ 2024ರಲ್ಲಿ ಪರ್ಸೆವೆರೆನ್ಸ್ ಕಂಡ ಚುಕ್ಕೆಚುಕ್ಕೆಯ ಬಂಡೆಯ ತುಣುಕು ಜೀವದ ಕುರುಹಿರಬಹುದೆಂಬ ಕುತೂಹಲ ಹುಟ್ಟಿಸಿ, ಇನ್ನೂ ಕೊಳವೆಯಲ್ಲೇ ಇದೆ. ಅದನ್ನು ಇಲ್ಲಿಗೆ ತಂದು ಪರೀಕ್ಷಿಸುವುದು ಮೊದಲಾಗಬೇಕು. 1967ರ ಬಾಹ್ಯಾಕಾಶ ಒಪ್ಪಂದವೂ ಹಾನಿಕರ ಕಲುಷಿತತೆಯನ್ನು ತಡೆಯಬೇಕೆನ್ನುತ್ತದೆ. ಯಾವ ದೇಶವೂ ಬೇರೆ ಗ್ರಹದ ನೆಲವನ್ನು ತನ್ನದೆನ್ನುವಂತಿಲ್ಲ, ಖಾಸಗಿ ಕಂಪನಿಯ ಕೆಲಸಕ್ಕೂ ಅದರ ದೇಶವೇ ಹೊಣೆ.

ಕೆಲಸದ ಕ್ರಮ ನನ್ನ ದೃಷ್ಟಿಯಲ್ಲಿ ಹೀಗಿರಬೇಕು. ಭೂಮಿಯಲ್ಲೇ ಬಾಗಿಲು ತೆರೆಯದೆ ಮೂರು ವರ್ಷ ನಡೆಯುವ ಮುಚ್ಚಿದ ಮನೆ, ಬಿಡಿಭಾಗಗಳ ಕೋಣೆ ಸಮೇತ. ಏನು ಎಷ್ಟು ಬಾರಿ ಕೆಟ್ಟಿತು ಎಂಬ ಪಟ್ಟಿಯೇ ಅದರ ಫಲ. ಆಮೇಲೆ ಚಂದ್ರ: ಮೂರು ದಿನದ ದಾರಿ, ಹದಿನಾಲ್ಕು ದಿನದ ರಾತ್ರಿ, ಕೆಟ್ಟರೆ ಮನೆಗೆ ಬರುವ ಅವಕಾಶ. ಮಂಗಳಕ್ಕೆ ಮೊದಲು ಸರಕು, 26 ತಿಂಗಳು ಮುಂಚೆ. ಇದುವರೆಗೆ ಅಲ್ಲಿ ಇಳಿಸಿದ ಅತಿ ಭಾರದ ರೋವರ್ ಸುಮಾರು 1 ಟನ್. ಜನರ ನೌಕೆ 20 ಟನ್ ಮೀರುತ್ತದೆ. ಆ ತೂಕ ಖಾಲಿಯಾಗಿ ಕೆಲವು ಬಾರಿ ಸುರಕ್ಷಿತವಾಗಿ ಇಳಿಯಬೇಕು, ವಾಪಸಾತಿಯ ಟ್ಯಾಂಕು ತುಂಬಿದೆ ಎಂದು ಮಾಪಕ ತೋರಿಸಬೇಕು, ಆಮೇಲಷ್ಟೇ ಜನರ ರಾಕೆಟ್ ಹೊರಡಬೇಕು.

ಇವೆಲ್ಲದರ ಜೊತೆಗೇ, ಇಂದೇ ಶುರುಮಾಡಬಹುದಾದ ಕೆಲಸವೊಂದಿದೆ, ಖರ್ಚು ಇವಕ್ಕೆಲ್ಲ ಹೋಲಿಸಿದರೆ ತೀರಾ ಕಡಿಮೆ. ಭೂಕಕ್ಷೆಯಲ್ಲಿ 1 ಮೀಟರ್ ತ್ರಿಜ್ಯದ ಚಕ್ರವನ್ನು ನಿಮಿಷಕ್ಕೆ 18 ಸುತ್ತು ತಿರುಗಿಸಿದರೆ ಅಂಚಿನಲ್ಲಿ ಮಂಗಳದ ಗುರುತ್ವ ಸಿಗುತ್ತದೆ. ಅದರಲ್ಲಿ ಇಲಿಗಳನ್ನು ಸಾಕಿ, ಮೂರು ತಲೆಮಾರು ಹುಟ್ಟಿ ಬೆಳೆಯಲು ಬಿಡಬೇಕು. ಮರಿಗಳ ತೂಕ, ಮೂಳೆಯ ಸಾಂದ್ರತೆ, ಬೆನ್ನುಮೂಳೆಯ ಆಕಾರ, ಸಮತೋಲನ ಅಳೆಯಬೇಕು. ಕೊನೆಗೆ ಮೂರನೆಯ ತಲೆಮಾರನ್ನು ಭೂಮಿಗೆ ಇಳಿಸಿ, ಅವು ನಡೆಯುತ್ತವೆಯೇ, ಅವಕ್ಕೆ ಆರೋಗ್ಯವಂತ ಮರಿಗಳಾಗುತ್ತವೆಯೇ ಎಂದು ನೋಡಬೇಕು. ಮನುಷ್ಯರ ಮೇಲೆ ಇದೇ ಗುರುತ್ವವನ್ನು ತಲೆಸುತ್ತು ಬರದಂತೆ ಪರೀಕ್ಷಿಸಲು ನಿಮಿಷಕ್ಕೆ 2 ಸುತ್ತು ಸಾಕು, ತ್ರಿಜ್ಯ ಮಾತ್ರ 85 ಮೀಟರ್ ಬೇಕು; ಎರಡು ನೌಕೆಗಳನ್ನು ಉದ್ದದ ಹಗ್ಗದಿಂದ ಕಟ್ಟಿ ತಿರುಗಿಸಿದರೂ ಆಗುತ್ತದೆ. ಈ ಪ್ರಯೋಗಗಳ ಫಲಿತಾಂಶ ಬರುವವರೆಗೆ ಮಂಗಳಕ್ಕೆ ಹೋಗುವ ಪ್ರತಿಯೊಬ್ಬರಿಗೂ ವಾಪಸು ಟಿಕೆಟ್ ಇರಬೇಕು.